ಬೆಲ್ಲ ಹಚ್ಚಿದ ಪಟ್ಟಾ

"ಅಪ್ಪಾ!"

ಮಗಳ ದನಿ ಕೇಳಿದ್ದ ತಡ, ಉದ್ದಪ್ಪ ಲೇಥ್ ಮಶೀನ್ ಬಂದ್ ಮಾಡಿದ, ಉಳಿ ಕೆಳಗಿಟ್ಟ, ಮೈಮ್ಯಾಲಿನ ಕಟಗಿ ಹೊಟ್ಟು ಝಾಡಿಸ್ಕೋತ ಹಿತ್ತಲದಿಂದ ಪಡಸಾಲಿಗೆ ಓಡಿ ಬಂದ. "ಏನವಾ? ಯಾಕ ಕರದಿ?"

ಆಮ್ರಪಾಲಿ ತೊಡಿಮ್ಯಾಲ ಕೂಸು ಹಾಕ್ಕೊಂಡು, ಕಿವಿಗೆ ಫೋನ್ ಹಚ್ಕೊಂಡು ಕೂತಿದ್ದಳು. ಅಪ್ಪನ ಕಡೆ ನೋಡಿ ಕೈ ಬೀಸಿ, "ನಿನಗಲ್ಲ" ಅಂದಳು. ಆಮ್ಯಾಲ ಫೋನಿನ್ಯಾಗ, "ಅಯ್ಯ, ಇಲ್ಲಪ್ಪಾ, ನಿಮಗ ಅಂದದ್ದಲ್ರಿ. ಇಲ್ಲಿ ನಮ್ಮಪ್ಪ ಓಡಿ ಬಂದಾನ, ಅವಗ ಅಂದೆ. ನೀವು ಹೇಳ್ರಿ" ಅಂತ ನಗಾಕ ಹತ್ತಿದಳು.

ಈಗ ನೀವ ಹೇಳ್ರಿ. ಐವತ್ತೆಂಟು ವರ್ಷದ ಮನಷ್ಯಾ. ಆ ಹುಡುಗಿನ್ನ ಹೆಗಲಮ್ಯಾಲ ಕುಂಡರಿಸ್ಕೊಂಡು ಕುಲಗೋಡ ಊರ ತುಂಬ ತಿರುಗ್ಯಾನ. ಜ್ವರ ಬಂದ್ರ ಸೈಕಲ್ ಮ್ಯಾಲ ಮೂಡಲಗಿ ದವಾಖಾನಿಗೆ ಒಯ್ದಾನ. ಇಪ್ಪತ್ತೆರಡು ವರ್ಷ ಆಕಿ ಬಾಯಾಗ 'ಅಪ್ಪಾ' ಅಂದ್ರ ಒಬ್ಬನ ಇದ್ದ. ಈಗ ಅವನ ಮನ್ಯಾಗ, ಅವನ ಕಣ್ಣ ಮುಂದ, "ನಿನಗಲ್ಲ" ಅಂದ್ರ! ಉದ್ದಪ್ಪನ ಎದಿಯೊಳಗ ಚುಳ್ ಅಂತು. ನೀರು ಕುಡಿಯಾಕ ಬಂದವರಂಗ ಕೊಡದ ಕಡೆ ಹೋದ, ಬಾಯಾರಿಕಿ ಇಲ್ಲದ ಒಂದು ಚರಿಗಿ ನೀರು ಕುಡದ, ತಿರಗಿ ಹಿತ್ತಲಕ್ಕ ನಡದ.

ಆ ಫೋನಿನ್ಯಾಗಿನ ಅಪ್ಪ ಅಂದ್ರ ದುಂಡಪ್ಪ. ಹುಕ್ಕೇರಿ ತಾಲೂಕಿನ ಘೋಡಗೇರಿಯವ. ಆಮ್ರಪಾಲಿಗೆ ಮಾವ, ಉದ್ದಪ್ಪಗ ಬೀಗ. ಸಕ್ಕರಿ ಫ್ಯಾಕ್ಟರಿ ವರ್ಕಶಾಪಿನ್ಯಾಗ ಮೂವತ್ತು ವರ್ಷ ಫಿಟ್ಟರ್ ಆಗಿದ್ದು ರಿಟೈರ್ ಆದವ. ಮದವಿ ಆದ ಮರುದಿನ ಸೊಸಿನ್ನ ಕರದು, "ಮಾವ ಅನಬ್ಯಾಡವಾ, ನನಗ ಹೆಣ್ಣಮಕ್ಕಳಿಲ್ಲ. ಅಪ್ಪಾ ಅನ್ನು" ಅಂದಿದ್ದನಂತ. ಇದನ್ನ ಆಮ್ರಪಾಲಿ ಮೊದಲ ಸಲ ತವರಿಗೆ ಬಂದಾಗ ಹೇಳಿದ್ದಳು. ಆಕಿ ಅವ್ವ ಸಾವಂತ್ರೆವ್ವ ಕಣ್ಣಾಗ ನೀರ ತಂದ್ಕೊಂಡು, "ಎಂಥಾ ಮನಿ ಸಿಕ್ಕೈತಿ ನೋಡ್ರಿ ನಮ್ಮ ಮಗಳಿಗೆ" ಅಂತ ಗಂಡಗ ಅಂದಿದ್ದಳು. ಉದ್ದಪ್ಪನೂ ಹೌದ್ಹೌದು ಅಂತ ತಲಿ ಅಲ್ಲಾಡಿಸಿದ್ದ. ಅಲ್ಲಾಡಿಸಿ, ಗಂಗಾಳದಾಗಿನ ರೊಟ್ಟಿ ಅರ್ಧಾ ಬಿಟ್ಟು ಎದ್ದಿದ್ದ.

ಹೆಣ್ಣಮಕ್ಕಳಿಲ್ಲಂದ್ರ ಇನ್ನೊಬ್ಬರ ಮಗಳ ಬಾಯಾಗಿನ ಮಾತು ಕಸಗೊಳ್ಳೂದೇನು? ಇದು ಅವನ ತಕರಾರು. ಆದ್ರ ಯಾರ ಮುಂದ ಹೇಳೂದು? ಕೇಳಿದವರು ಹಲ್ಲು ಕಿಸದಾರು. ದುಂಡಪ್ಪ ಕುಡಿಯೂದಿಲ್ಲ, ಒದರೂದಿಲ್ಲ, ಸೊಸಿಗೆ ಮುಂಜಾನಿಗೊಮ್ಮಿ ಸಂಜಿಗೊಮ್ಮಿ ಫೋನ್ ಮಾಡಿ ಊಟ ಆತೇನವಾ ಅಂತ ಕೇಳತಾನ. ಆ ಮನಷ್ಯಾಗ ಒಂದರ ದುರ್ಗುಣ ಇದ್ದಿದ್ರ ಉದ್ದಪ್ಪಗ ಎಷ್ಟ ಆರಾಮ ಆಗತಿತ್ತು!

ಆಮ್ರಪಾಲಿ ಚೊಚ್ಚಲ ಬಾಣಂತನಕ್ಕ ತವರಿಗೆ ಬಂದಿದ್ದಳು. ಕೂಸಿಗೆ ಈಗ ಐದು ತಿಂಗಳು ತುಂಬಿ, ಬರೂ ಐತವಾರ ಗಂಡನ ಮನಿಗೆ ಹೊರಡೂದಿತ್ತು. ಚೊಚ್ಚಲ ಕೂಸಿನ ಸಂಗಾಟ ತವರಿನ ತೊಟ್ಟಲಾ ಹೋಗಬೇಕು, ಅದು ಪದ್ಧತಿ. ಮಂದಿ ಬಜಾರದಾಗ ತಂದು ಕೊಡತಾರ. ಉದ್ದಪ್ಪ ಯಾಕ ಬಜಾರಕ್ಕ ಹೋಗತಾನ? ಗೋಕಾಕದ ಕಟಗಿ ಅಡ್ಡೆದಾಗ ವರ್ಷಾನುಗಟ್ಟಲೆ ಬಡಿಗತನ ಮಾಡಿದವ. ಅಲ್ಲಿ ಕಟಗಿ ಆಟಿಗಿ ಮಾಡವರೊಬ್ಬರ ಹಳೇ ಲೇಥ್ ಮಶೀನ್ ತೊಗೊಂಡು ಬಂದು ಹಿತ್ತಲದ ತಗಡಿನ ಛಪ್ಪರದಾಗ ಕುಂಡರಿಸಿದಾವ. ಕೆಳಗೊಂದು ಮೋಟರ್, ಮ್ಯಾಲೊಂದು ಶಾಫ್ಟ್, ನಡುವ ಒಂದು ರಬ್ಬರ್ ಪಟ್ಟಾ. ಮೋಟರ್ ತಿರುಗಿದ್ರ ಪಟ್ಟಾ ಶಾಫ್ಟ್ ತಿರುಗಸತೈತಿ, ಶಾಫ್ಟಿಗೆ ಸಿಗಿಸಿದ ಕಟಗಿ ಗರಗರ ಅಂತೈತಿ, ಉಳಿ ಹಿಡದ್ರ ಕಟಗಿ ದುಂಡಗಾಗತೈತಿ. ಲಟ್ಟಣಿಗಿ, ಬುಗರಿ, ಮಂಚದ ಕಾಲು, ಏನ ಕೇಳ್ರಿ, ಆ ಛಪ್ಪರದಾಗ ಆಗತಿತ್ತು. ತೊಟ್ಟಲದ ನಾಕು ಕಾಲಿನ್ಯಾಗ ಮೂರು ಆಗಿದ್ದವು. ಸಾಗವಾನಿವು, ನೋಡಿದವರು ಕೈಯಾಡಿಸಬೇಕು ಹಂಗ. ನಾಕನೇದು ಮಶೀನಿನ ಮ್ಯಾಲ ಇತ್ತು.

ಆ ಸೋಮವಾರ ಸಂಜಿ ಫೋನ್ ಮುಗಿಸಿ ಆಮ್ರಪಾಲಿ ಛಪ್ಪರಕ್ಕ ಬಂದಳು. "ಅಪ್ಪಾ, ಘೋಡಗೇರಿ ಅಪ್ಪ ಒಂದು ತೊಟ್ಟಲಾ ಮಾಡಿಟ್ಟಾರಂತ. ಪೈಪ್ ವೆಲ್ಡಿಂಗ್ ಮಾಡಿ. ಬೇರಿಂಗ್ ಹಾಕ್ಯಾರಂತ, ಒಂದು ಬೆರಳಲೇ ದೂಡಿದ್ರ ಹತ್ತು ಮಿನಿಟ್ ತಾನ ತೂಗತೈತಂತ. ನಿನಗ ಆಗಲಿಲ್ಲಂದ್ರ ತ್ರಾಸ ಮಾಡ್ಕೋಬ್ಯಾಡಂತ ಹೇಳು ಅಂದ್ರು."

"ಆಗಲಿಲ್ಲಂದ್ರ? ಯಾಕ ಆಗೂದಿಲ್ಲ?" ಅಂದ ಉದ್ದಪ್ಪ.

"ನಾ ಎಲ್ಲಿ ಆಗೂದಿಲ್ಲಂದೆ? ಅವರು ಕಾಳಜಿಲೇ ಅಂದ್ರು."

"ಕಾಳಜಿ!" ಅಂತ ಹಲ್ಲು ಕಡದು ಉದ್ದಪ್ಪ ಉಳಿ ಮಸಿಯಾಕ ಕೂತ. ಅಪ್ಪಾ ಅನ್ನೂದನ್ನ ಒಯ್ದ, ಈಗ ಕೂಸಿನ ತೊಟ್ಟಲಕ್ಕೂ ಕೈ ಹಾಕ್ಯಾನ. ಐತವಾರದೊಳಗ ಇದು ಮುಗಿಲಿಲ್ಲಂದ್ರ ತನ್ನ ಮೊಮ್ಮಗಳು ಆ ಪೈಪಿನ ತೊಟ್ಟಲದಾಗ ಮಲಗಿ, ಆ ದುಂಡಪ್ಪನ ಬೆರಳಲೇ ತೂಗಿಸ್ಕೊಂಡು ದೊಡ್ಡಾಕಿ ಆಗತಾಳ. ತವರಿನ ಗುರುತು ಅಂತ ಏನುಳೀತು? ಏನೂ ಉಳಿಯೂದಿಲ್ಲ.

ಸಿಟ್ಟಿನ ಕೈ ಜೋರಿರತೈತಿ. ಮಂಗಳವಾರ ಮುಂಜಾನಿ ಉಳಿ ಒತ್ತಿ ಒತ್ತಿ ಹಿಡದ. ಹಳೇ ಪಟ್ಟಾ, ಸವದು ನುಣ್ಣಗಾಗಿತ್ತು, ಜಾರಾಕ ಹತ್ತಿತು. ಮೋಟರ್ ತಿರುಗತೈತಿ, ಕಟಗಿ ನಿಂದರತೈತಿ. ಹಿಂಗ ಪಟ್ಟಾ ಜಾರಿದಾಗೆಲ್ಲಾ ಉದ್ದಪ್ಪನ ಕಡೆ ಒಂದು ಔಷಧ ಇತ್ತು. ಕಬ್ಬಿನ ಸೀಮಿಯವ, ಗಾಣದ ಮನಿ ಅಡ್ಡಾಡಿದವ. ಒಳಗ ಹೋಗಿ, ಸಾವಂತ್ರೆವ್ವ ಹೋಳಗಿಗಂತ ಇಟ್ಟಿದ್ದ ಜೋನಿಬೆಲ್ಲದ ಡಬ್ಬಿ ತಂದು, ಎರಡು ಬೆರಳಲೇ ಪಟ್ಟಾಕ್ಕ ಸವರಿದ. ಜಿಗಟು ಹಿಡೀತು, ಪಟ್ಟಾ ಗಟ್ಟ್ಯಾಗಿ ಕೂತಿತು, ಕಟಗಿ ತಿರುಗಿತು. ಒಂದು ತಾಸು ಚೊಲೋ ನಡೀತು. ಮತ್ತ ಜಾರಿತು, ಮತ್ತ ಸವರಿದ. ವರ್ಷ ಆತು ಹಿಂಗ ಸವರಾಕ ಹತ್ತಿ. ಆ ಬೆಲ್ಲ, ಈ ಕಟಗಿ ಹೊಟ್ಟು ಎರಡೂ ಕೂಡಿ ಪಟ್ಟಾ ಕೂಡೂ ಗಾಲಿ, ಆ ಪುಲ್ಲಿ ಸಂದ್ಯಾಗೆಲ್ಲಾ ಕಲ್ಲಿನಂಗ ಗಟ್ಟಿ ಆಗಿ ಕೂತಿತ್ತು. ಅದರ ಖಬರು ಅವಗ ಎಲ್ಲಿಂದ ಬರಬೇಕು? ಅವನ ಕಣ್ಣು ಪಟ್ಟಾದ ಮ್ಯಾಲ ಇದ್ದರೂ ಮನಸು ಘೋಡಗೇರಿಯೊಳಗಿತ್ತು.

ಬುಧವಾರ ಎದ್ದು ನೋಡಿದ್ರ ಮಶೀನಿಗೆ ಇರಿವಿ ಸಾಲು. ನೆಲದಿಂದ ಮೋಟರಿಗೆ, ಮೋಟರಿನಿಂದ ಪಟ್ಟಾಕ್ಕ.

ಸಾವಂತ್ರೆವ್ವ ಸೊಂಟದ ಮ್ಯಾಲ ಕೈ ಇಟ್ಟ ನಿಂತು, "ಏನ್ರಿ, ಮಶೀನಿಗೆ ಹೋಳಗಿ ಉಣಸಾಕತ್ತೀರೇನು? ಇರಿವಿ ಬೀಗರು ಬಂದಾರ, ತುಪ್ಪಾನೂ ಬಡಸ್ರಿ" ಅಂದಳು.

"ಬೀಗರ ಹೆಸರ ತೆಗೀಬ್ಯಾಡ ನನ್ನ ಮುಂದ" ಅಂತ ಗುರುಗುಟ್ಟಿ ಉದ್ದಪ್ಪ ಬಟನ್ ಒತ್ತಿದ. ಫಟ್ ಅಂತು. ಪಟ್ಟಾ ಹರದು ಛಪ್ಪರದ ತಗಡಿಗೆ ಬಡದು ಕೆಳಗ ಬಿತ್ತು.

ಅವತ್ತ ಹರದ ಪಟ್ಟಾ ಚೀಲದಾಗ ಹಾಕ್ಕೊಂಡು ಮೂಡಲಗಿ ಬಸ್ಸ ಹತ್ತಿದ. ಅದರ ಮ್ಯಾಲಿನ ನಂಬರ್ ಯಾವಾಗೋ ಅಳಿಸಿಹೋಗಿತ್ತು. ಅಂಗಡಿಯವ ಅದನ್ನ ಕೈಯಾಗ ಹಿಡದು, ಮೂಸಿ ನೋಡಿ, "ಏನ್ರಿ ಕಾಕಾ ಇದು, ಸಿಹಿ ವಾಸನಿ ಬರತೈತಿ?" ಅಂದ. ಉದ್ದಪ್ಪ ಕೇಳದವರಂಗ ಮಾಡಿದ. ಅಳತಿ ಮಾಡಿ ಹೊಸಾ ಪಟ್ಟಾ ಕೊಟ್ಟರು. ಬಸ್ಸಿನ್ಯಾಗ ಅದನ್ನ ತೊಡಿಮ್ಯಾಲ ಇಟ್ಕೊಂಡು ಬಂದ. ಗುರುವಾರಕ್ಕ ಕಾಲು ಮುಗೀತೈತಿ, ಶುಕ್ರವಾರ ಜೋಡಣಿ, ಶನಿವಾರ ಬಣ್ಣ. ದುಂಡಪ್ಪ ತನ್ನ ಪೈಪ್ ತಾನ ತೂಗ್ಕೊಳ್ಳಲಿ!

ಮನಿಗೆ ಬಂದು ಹಾಕಾಕ ಹೋದ. ಆಗ ಗೊತ್ತಾತು. ಪಟ್ಟಾ ಅಂದ್ರ ಬಳಿ ಇದ್ದಂಗ, ಅದಕ್ಕ ಬಾಯಿಲ್ಲ. ಪುಲ್ಲಿ ಇರೂದು ಎರಡು ಬೇರಿಂಗಿನ ನಡುವ. ಶಾಫ್ಟ್ ಹೊರಗ ತೆಗೆದ್ರ ಮಾತ್ರ ಪಟ್ಟಾ ಒಳಗ ಹೋಗತೈತಿ. ಮಶೀನ್ ತಂದಾಗಿನಿಂದ ಆ ಶಾಫ್ಟ್ ಅವ ತೆಗೆದಿದ್ದಿಲ್ಲ. ಕಟಗಿ ಅಂದ್ರ ಕಣ್ಣು ಮುಚ್ಚಿ ಹೇಳತಿದ್ದ, ಕಬ್ಬಿಣದ ಮಾತು ಬ್ಯಾರೆ. ಕಟಗಿ ಅಡ್ಡ ಇಟ್ಟು ಸುತ್ತಿಗಿಲೇ ಬಡದ. ಮೊದಲು ಮೆಲ್ಲಕ, ಆಮ್ಯಾಲ ಜೋರಲೇ, ಆಮ್ಯಾಲ ದುಂಡಪ್ಪನ್ನ ನೆನಸ್ಕೊಂಡು. ಶಾಫ್ಟ್ ಒಂದು ಕೂದಲೆಳಿ ಅಲ್ಲಾಡಲಿಲ್ಲ. ಗುರುವಾರ ಮಧ್ಯಾಹ್ನದ ತನಕ ಬಡದ.

ಆಮ್ರಪಾಲಿ ಬಾಗಲದಾಗ ನಿಂತು ನೋಡಿದಳು. "ಘೋಡಗೇರಿ ಅಪ್ಪಗ ಒಂದು ಮಾತು ಕೇಳಲೇನು? ಅವರು ಹಿಂಥಾದು ಭಾಳ ಮಾಡ್ಯಾರ."

"ಯಾವ ಅಪ್ಪ?" ಉದ್ದಪ್ಪ ಸುತ್ತಿಗಿ ಒಗದ. "ಎಷ್ಟ ಮಂದಿ ಅಪ್ಪಂದಿರು ಅದಾರ ನಿನಗ?"

ಆಕಿ ಮಾರಿ ಸಣ್ಣದಾತು. ಒಳಗ ಹೋದಳು. ಅಂದದ್ದು ಹೆಚ್ಚಾತು ಅಂತ ಉದ್ದಪ್ಪಗೂ ಅನಿಸಿತು. ಆದ್ರ ಹೊಟ್ಟಿಯೊಳಗಿನ ಬೆಂಕಿ ಆರಬೇಕಲ್ಲ? ಆರಲಿಲ್ಲ. ಬಗ್ಗಿ ಸುತ್ತಿಗಿ ಹುಡುಕೂ ಬದಲಿ ಚಾಕು ತೊಗೊಂಡ. ಹೊಸಾ ಪಟ್ಟಾ ಅಡ್ಡಡ್ಡ ಕೊಯ್ದ. ಹಳೇ ಕಾಲದ ಗಿರಣ್ಯಾಗ ಚರ್ಮದ ಪಟ್ಟಾ ಹೊಲದು ಹಾಕತಿದ್ದಿಲ್ಲೇನು? ಹಂಗ ಶಾಫ್ಟಿಗೆ ಸುತ್ತಿ, ತೂತು ಹೊಡದು, ತಂತಿಲೇ ಹೊಲದ. ಹೊಲಿಗಿ ಚೊಲೋ ಕಾಣಿಸಿತು. "ಯಾರ ಹಂಗೂ ಬ್ಯಾಡ ನನಗ" ಅಂತ ಬಟನ್ ಒತ್ತಿದ.

ಹತ್ತು ಸುತ್ತು ತಿರುಗಿರಬೇಕು. ತಂತಿ ಕಿತ್ತು, ಪಟ್ಟಾ ಹಾರಿ ಬಂದು ಅವನ ಮುಂಗೈಗೆ ಚಟಾರ್ ಅಂತ ಬಡೀತು. ಉದ್ದಪ್ಪ "ಅಯ್ಯಯ್ಯೋ" ಅಂತ ಕುಸದ ಕೂತ.

ಆಮ್ರಪಾಲಿ ಕೈಯಾಗಿನ ಫೋನ್ ಸಮೇತ ಓಡಿ ಬಂದಳು. ಕೈ ಹಿಡದು ನೋಡಿದಳು, ಕೆಂಪಗ ಬಾಸುಂಡಿ ಎದ್ದಿತ್ತು. ಕೊಯ್ದ ಪಟ್ಟಾನೂ ನೋಡಿದಳು. ಶುರು ಆತು ನೋಡ್ರಿ.

"ಬುದ್ಧಿ ಐತೇನು ನಿನಗ? ಆಂ? ಹೊಸಾ ಪಟ್ಟಾ ಕೊಯ್ಯತಾರೇನು? ಕಣ್ಣಿಗೆ ಬಡದಿದ್ರ ಏನ ಮಾಡತಿದ್ದಿ, ಕುರುಡನಂಗ ಕೂಡತಿದ್ದಿ ಮೂಲ್ಯಾಗ! ಮೂರು ಹೊತ್ತೂ ನಂದ ಖರೆ, ನಂದ ಖರೆ. ಕೇಳಿದ್ರ ಮರ್ಯಾದಿ ಹೋಗತೈತಿ, ಕೈ ಹೋದ್ರ ಹೋಗೂದಿಲ್ಲ! ಬೆಲ್ಲ ಹಚ್ಚತಾನಂತ ಬೆಲ್ಲ, ಮಶೀನಿಗೆ! ಊರಾಗ ಯಾರರ ಕೇಳಿದ್ರ ಉಗಳತಾರ. ಕೂಸರ ಎರಡು ಸಲ ಹೇಳಿದ್ರ ಕೇಳತೈತಿ, ನೀ ಮಾತ್ರ ಕೇಳೂದಿಲ್ಲ. ಹಿಡಿ ಕೈ, ಅಲ್ಲಾಡಿಸಬ್ಯಾಡ. ಹಿಡಿ ಅಂದ್ರ!"

ಬೈಕೋತನ ಅರಿಷಿಣ ಎಣ್ಣಿ ಹಚ್ಚಿದಳು. ಹಚ್ಚಿ ಮುಗಿದ ಮ್ಯಾಲ ಬಾಜೂಕ್ಕಿಟ್ಟಿದ್ದ ಫೋನ್ ನೋಡಿ ನಾಲಿಗಿ ಕಚ್ಚಿದಳು. ಅದು ಚಾಲೂ ಇತ್ತು. "ಅಪ್ಪಾ... ನೀವಿನ್ನೂ ಅದೀರೇನ್ರಿ?"

"ಹೂಂ ಅವಾ, ಅದೇನಿ" ಅಂತು ಫೋನು. "ಹೆಚ್ಚ ಬಡದಿಲ್ಲಲ್ಲ? ಆ ಪಟ್ಟಾದ ಮ್ಯಾಲಿನ ನಂಬರಿಂದು ಒಂದು ಫೋಟೋ ಕಳಸು. ನಾಳೆ ಬರತೇನಿ."

ಉದ್ದಪ್ಪಗ ಭೂಮಿ ಬಾಯಿ ಬಿಡಬಾರದೇನು ಅನಿಸಿತು. ಬೈಸ್ಕೊಂಡದ್ದು ಹೋಗಲಿ, ಅದನ್ನ ಅವ ಕೇಳ್ಯಾನ! ಬೆಲ್ಲದ ಮಾತೂ ಕೇಳ್ಯಾನ! 'ನೀವು', 'ರಿ' ಅಂತ ಮಾವಗ ಮರ್ಯಾದಿ. ಹೆತ್ತ ಅಪ್ಪಗ ಮಾತ್ರ ಕುರುಡ, ಬುದ್ಧಿಗೇಡಿ. ಆ ರಾತ್ರಿ ಸಾವಂತ್ರೆವ್ವ ಎರಡು ಸಲ ಕರದರೂ ಉಣ್ಣಾಕ ಏಳಲಿಲ್ಲ.

ಶುಕ್ರವಾರ ಹನ್ನೊಂದರ ಬಸ್ಸಿಗೆ ದುಂಡಪ್ಪ ಬಂದ. ತೆಳ್ಳಗಿನ ಮನಷ್ಯಾ, ಬಿಳೇ ಅಂಗಿ, ಕೈಯಾಗ ಹತ್ಯಾರದ ಚೀಲ. ಗೋಕಾಕದಾಗ ಇಳದು ಪಟ್ಟಾ ತಂದಿದ್ದ, ಸೊಸಿಗಂತ ಕರದಂಟೂ ತಂದಿದ್ದ. ಉದ್ದಪ್ಪ ಹಿಂದಿನ ವಾರ ತಂದ ಕರದಂಟಿನ ಪುಡಿಕಿ ಸಣ್ಣದಿತ್ತು, ಇದು ದೊಡ್ಡದಿತ್ತು. ಇದೊಂದು ಬಾಕಿ ಇತ್ತು ಅಂತ ಉದ್ದಪ್ಪ ಅಂದ್ಕೊಂಡ. ಬಾಯಿಲೇ ಮಾತ್ರ, "ಬರ್ರಿ ಬೀಗರ, ಯಾಕ ತ್ರಾಸ ತೊಗೊಂಡ್ರಿ" ಅಂದ.

"ತ್ರಾಸೇನ ಬಂತು" ಅಂದ ದುಂಡಪ್ಪ. ಕೈಕಾಲು ತೊಕ್ಕೊಂಡು ಕೂಸಿನ್ನ ಎತ್ಕೊಂಡ. ಆ ಕೂಸು, ಉದ್ದಪ್ಪನ ಕಡೆ ಐದು ತಿಂಗಳು ಬೆಳದ ಕೂಸು, ದುಂಡಪ್ಪನ ಅಂಗಿ ಗುಂಡಿ ಹಿಡದು ಕಿಲಕಿಲ ನಕ್ಕಿತು. ನೀನೂ ಅವನ ಕಡೆ ಏನ ಅಂತ ಉದ್ದಪ್ಪ ಮಾರಿ ತಿರುವಿದ.

ಛಪ್ಪರದಾಗ ದುಂಡಪ್ಪ ಮಶೀನಿನ ಸುತ್ತ ಒಂದು ಸುತ್ತು ಹಾಕಿದ. ಕೂತು ಪುಲ್ಲಿ ಸಂದ್ಯಾಗ ಬಟ್ಟು ಹಾಕಿದ, ಉಗುರಲೇ ಕೆರದ, ಮೂಗಿಗೆ ಹಿಡದ. ಉದ್ದಪ್ಪ ಉಸಿರು ಬಿಗಿಹಿಡದ. ಈಗ ನಗತಾನ, ಈಗ ನಗತಾನ. ದುಂಡಪ್ಪ ನಗಲಿಲ್ಲ. "ನಮ್ಮ ಫ್ಯಾಕ್ಟರ್ಯಾಗೂ ಹೊಸಾ ಹುಡುಗರು ಇದನ್ನ ಮಾಡತಿದ್ದರು" ಅಂತಷ್ಟ ಅಂದು, ಬಿಸಿನೀರು, ಹಳೇ ಅರಬಿ ಕೇಳಿದ. ನಕ್ಕಿದ್ರ ಜಗಳಾನರ ಆಡಬಹುದಿತ್ತು, ಅದಕ್ಕೂ ಬಿಡಲಿಲ್ಲ ಮನಷ್ಯಾ.

ಬಿಸಿನೀರಲೇ ತಿಕ್ಕಿದಂಗ ಕಲ್ಲಾಗಿದ್ದ ಬೆಲ್ಲ ಕರಗಿ ಕಂದು ನೀರಾಗಿ ಇಳೀತು. ಅದರ ಕೆಳಗ, ಪುಲ್ಲಿ ಬಗಲಾಗ ಒಂದು ಸಣ್ಣ ಸ್ಕ್ರೂದ ತಲಿ ಕಾಣಿಸಿತು. "ಇದ ನೋಡ್ರಿ ಬೀಗರ. ಪುಲ್ಲಿನ್ನ ಶಾಫ್ಟಿಗೆ ಕಟ್ಟಿ ಹಾಕಿದ್ದು ಇದು. ಇದನ್ನ ಸಡ್ಲ ಮಾಡದ ವರ್ಷಗಟ್ಟಲೆ ಬಡದರೂ ಬರೂದಿಲ್ಲ. ಬೆಲ್ಲದಾಗ ಮುಚ್ಚಿತ್ತು, ನಿಮಗ ಹ್ಯಾಂಗ ಕಾಣಬೇಕು?" ಪಾನಾ ಹಾಕಿ ತಿರುವಿದ. ಕಟಗಿ ತುಂಡು ಅಡ್ಡ ಹಿಡದು ನಾಕು ಏಟು ಹಾಕಿದ, ಮೆಲ್ಲಕ. ಒಂದು ದಿನ ಬಡದರೂ ಅಲ್ಲಾಡದ ಶಾಫ್ಟ್ ಬೆಣ್ಣಿಯೊಳಗಿನ ಕೂದಲಿನಂಗ ಸರೀತು.

ದುಂಡಪ್ಪ ಒಂದಲ್ಲ, ಎರಡು ಪಟ್ಟಾ ಒಳಗ ಇಳಿಸಿದ. ಒಂದನ್ನ ಪುಲ್ಲಿಗೆ ಹಾಕಿದ. ಇನ್ನೊಂದನ್ನ ಶಾಫ್ಟಿನ ಬಾಜೂಕ್ಕ ಸರಿಸಿ, ಮ್ಯಾಲಿನ ಮೊಳಿಗೆ ದಾರಲೇ ಎತ್ತಿ ಕಟ್ಟಿದ.

"ಎರಡ್ಯಾಕ?" ಉದ್ದಪ್ಪ ಕೇಳಿದ.

"ಶಾಫ್ಟ್ ತೆಗದಾಗ ಒಂದು ಹೆಚ್ಚಿಂದು ಹಾಕಿಟ್ಟಬಿಡಬೇಕು. ಇದು ತಿರುಗೂದಿಲ್ಲ, ಸುಮ್ಮನ ಜೋತಾಡತೈತಿ. ನಾಳೆ ಅದು ಹರದಾಗ ಶಾಫ್ಟ್ ತೆಗಿಯೂ ಜರೂರ ಇಲ್ಲ, ದಾರ ಬಿಚ್ಚಿ ಇದನ್ನ ಹಾಕಿದ್ರಾತು."

ಉದ್ದಪ್ಪ ಆ ಜೋತಾಡೂ ಪಟ್ಟಾದ ಕಡೆ ನೋಡಿದ. ಇದು ನಾನ, ಅಂತ ಅವನ ಮನಸು ಅಂತು. ಕೆಲಸಾ ಅವನ ಕಡೆ, ಮೊಳಿಗೆ ಜೋತಾಡೂದು ನನ್ನ ಕಡೆ.

ದುಂಡಪ್ಪ ಚೀಲದಾಗ ಕೈ ಹಾಕಿ ಮತ್ತೇನೋ ತೆ‍ಗೆದ. ಮಿರಿಮಿರಿ ಮಿಂಚೂ ಎರಡು ಬೇರಿಂಗ್. "ಇವು ನಾ ಮಾಡಿದ್ದ ತೊಟ್ಟಲದ್ದು. ಬಿಚ್ಚಿ ತಂದೇನಿ. ನಿಮ್ಮ ತೊಟ್ಟಲಕ್ಕ ಹಚ್ಚೋಣು, ಕೂಸಿಗೆ ಚೊಲೋ ತೂಗತೈತಿ. ಆ ಪೈಪಿನ ತೊಟ್ಟಲದಾಗ ಈಗ ಉಳ್ಳಾಗಡ್ಡಿ ಹಾಕೇವಿ."

ಇದನ್ನ ಕೇಳಿ ಬ್ಯಾರೆ ಯಾರರ ಆಗಿದ್ರ ಕರಗಿ ನೀರಾಗತಿದ್ದರು. ಉದ್ದಪ್ಪ? ಪೈಪಿನ ತೊಟ್ಟಲಾ ತಪ್ಪಿತು ಅಂತ ಒಂದು ಗಳಿಗಿ ಹಿಗ್ಗಿದ. ಮರು ಗಳಿಗಿ, ಏನೋ, ನನ್ನ ತೊಟ್ಟಲದಾಗೂ ಬಂದು ಸೇರಿದನಲ್ಲ ಇವ ಅಂತ ಉರಕೊಂಡ. ಆದ್ರೂ ಬೇರಿಂಗ್ ಇಸಕೊಂಡ. ಬೇರಿಂಗ್ ಚೊಲೋ ಇದ್ದವು, ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ.

ಊಟ ಆದ ಮ್ಯಾಲ ಉದ್ದಪ್ಪ ನಾಕನೇ ಕಾಲು ಮಶೀನಿಗೆ ಏರಿಸಿದ. ಬಟನ್ ಒತ್ತಿದ. ಜಾರಲಿಲ್ಲ, ಗಡಗಡ ಅನಲಿಲ್ಲ, ಸುಂಯ್ ಅಂತ ತಿರುಗಿತು. ಉಳಿ ಹಿಡದ. ಸಾಗವಾನಿ ಸುರುಳಿ ಸುರುಳಿಯಾಗಿ ಹಾರಿತು. ದುಂಡಪ್ಪ ಬಾಗಲ ಹತ್ರ ಸ್ಟೂಲಿನ ಮ್ಯಾಲ ಕೂತು ಕಣ್ಣು ಮಿಟಕಿಸದ ನೋಡಿದ. "ಏನ್ ಕೈರಿ ನಿಮ್ಮದು ಬೀಗರ! ಅಳತಿ ಇಲ್ಲ, ಗೆರಿ ಇಲ್ಲ, ಬರೇ ಕಣ್ಣಂದಾಜಿಲೇ ಮೂರರಂಗ ನಾಕನೇದು! ನಮಗ ಕಬ್ಬಿಣ ಬರತೈತಿ, ಇದು ಈ ಜನ್ಮದಾಗ ಬರೂದಿಲ್ಲ." ಉದ್ದಪ್ಪಗ ಒಳಗೊಳಗ ಸೇರು ರಕ್ತ ಏರಿತು. ತೋರಿಸಿಕೊಳ್ಳಲಿಲ್ಲ.

ಆಗ ಅಡಗಿ ಮನಿಯಿಂದ ಆಮ್ರಪಾಲಿ ಒದರಿದಳು.

"ಅಪ್ಪಾ!"

ಇಬ್ಬರೂ ಒಮ್ಮಿಲೇ ಎದ್ದರು. ಉದ್ದಪ್ಪ ಮಶೀನ್ ಬಂದ್ ಮಾಡೂದರೊಳಗ ದುಂಡಪ್ಪ ಬಾಗಲ ದಾಟಿದ್ದ.

"ಲಗೂನ ಬಾ! ಕೂಸಿನ್ನ ಹಿಡಿ, ಹಾಲು ಉಕ್ಕಾಕ ಹತ್ತೈತಿ!"

ದುಂಡಪ್ಪ ಅಲ್ಲೇ ನಿಂತ. ಒಂದು ಗಳಿಗಿ ನಿಂತು, ತಿರಗಿ ಬಂದು, ಸ್ಟೂಲಿನ ಮ್ಯಾಲ ಕೂತ. "ನನಗಲ್ಲ" ಅಂದ.

ಆ ಮಾತು ಉದ್ದಪ್ಪನ ಕಿವಿಗೆ ಬ್ಯಾರೆ ನಮೂನಿ ಬಡೀತು. "ಯಾಕ ನಿಮಗಲ್ಲ? ನಿಮಗೂ ಅಪ್ಪಾ ಅಂತಾಳಲ್ಲ" ಅಂದ. ಬ್ಯಾಡಂದ್ರೂ ಮಾತಿನ್ಯಾಗ ಚುರುಕು ಇತ್ತು.

"ಬಾ ಅಂದಳಲ್ರಿ. ನನಗಾಗಿದ್ರ ಬರ್ರಿ ಅಂತಿದ್ದಳು." ದುಂಡಪ್ಪ ಅಂಗೈಯೊಳಗಿನ ಎಣ್ಣಿ ಕಲೆ ತಿಕ್ಕಿದ. "ಎರಡು ವರ್ಷ ಆತು ಬೀಗರ. ಅಪ್ಪಾ ಅನ್ನು ಅಂದೆ, ಅಂದಳು. ಆದ್ರ ಒಮ್ಮಿನೂ ಬಾ ಅಂದಿಲ್ಲ. ಒಮ್ಮಿನೂ ಬೈದಿಲ್ಲ. ಚಾದಾಗ ಸಕ್ಕರಿ ಕಡಿಮಿ ಆಗೈತಿ ಅಂದ್ರ ತಪ್ಪಾತ್ರಿ ಅಂತಾಳ. ಹೊರಗಿನವರಿಗೆ ಅಂದಂಗ. ನಿನ್ನಿ ಫೋನಿನ್ಯಾಗ ನಿಮಗ ಬೈದದ್ದು ಕೇಳಿದೆ. ಬುದ್ಧಿ ಐತೇನು ನಿನಗ, ಅಂದಳು ನೋಡ್ರಿ... ಫೋನ್ ಇಡಾಕ ಮನಸ ಆಗಲಿಲ್ಲ ನನಗ. ಖರೇ ಹೇಳತೇನಿ, ಹೊಟ್ಟಿಕಿಚ್ಚು ಆತು. ಉಣ್ಣಾಕ ಕೂತವ ಅರ್ಧಾಕ್ಕ ಎದ್ದೆ."

ಉದ್ದಪ್ಪ ಅವನ ಮಾರಿ ನೋಡಿದ. ಆ ಮಾರಿ ಅವಗ ಗುರುತಿತ್ತು. ಎರಡು ವರ್ಷದಿಂದ ದಿನಾ ಮುಂಜಾನಿ ದಾಡಿ ಮಾಡ್ಕೊಳ್ಳೂವಾಗ ಕನ್ನಡ್ಯಾಗ ಅದನ್ನ ನೋಡತಿದ್ದ. ಮೊಳಿಗೆ ಜೋತಾಡೂ ಪಟ್ಟಾದ ಕಡೆ ಒಮ್ಮಿ ನೋಡಿದ, ಬೀಗನ ಕಡೆ ಒಮ್ಮಿ ನೋಡಿದ.

"ಅಪ್ಪಾ! ಕಿವುಡಾದಿಯೇನು?" ಅಂತ ಒಳಗಿಂದ ಮತ್ತೊಮ್ಮಿ ಬಂತು.

"ಹೋಗ್ರಿ" ಅಂದ ಉದ್ದಪ್ಪ.

"ಆಂ?"

"ನೀವ ಹೋಗ್ರಿ. ಮಾತಾಡಬ್ಯಾಡ್ರಿ, ಸುಮ್ಮನ ಆಕಿ ಬೆನ್ನ ಹಿಂದ ಹೋಗಿ ನಿಂದರ್ರಿ. ಏಳ್ರಿ ಲಗೂನ, ಹಾಲು ಉಕ್ಕಿದ್ರ ಚೊಲೋ ಬೈತಾಳ."

ದುಂಡಪ್ಪ ಎದ್ದು ಹೋದ. ಉದ್ದಪ್ಪ ಅಡಗಿ ಮನಿ ಕಿಡಕಿ ಬಾಜೂ ಗ್ವಾಡಿಗೆ ಅಂಟಿ ನಿಂತ. ಆಮ್ರಪಾಲಿ ಒಲಿ ಕಡೆ ಮಾರಿ ಮಾಡಿ, ಒಂದು ಕೈಲೇ ಪಾತೇಲಿ ಇಳಿಸ್ಕೋತ, ತಿರಗಿ ನೋಡದನ ಬಗಲಾಗಿನ ಕೂಸಿನ್ನ ಹಿಂದಕ್ಕ ಚಾಚಿದಳು.

"ಎಷ್ಟೊತ್ತು ಬೇಕು ನಿನಗ ಬರಾಕ? ಆ ಹಾಳ ಮಶೀನ್ ಬಿಟ್ಟು ಏಳಾಕ ಬ್ಯಾನಿ ಬರತೈತೇನು? ಅರ್ಧಾ ಹಾಲು ಒಲಿ ಕುಡೀತು. ಕೈ ತೊಕ್ಕೊಂಡಿಯೇನು, ಇಲ್ಲಾ ಬೆಲ್ಲದ ಕೈಲೇ ಹಿಡೀತಿಯೇನು ಕೂಸಿನ್ನ?"

"ತೊಕ್ಕೊಂಡೇನವಾ" ಅಂದ ದುಂಡಪ್ಪ, ಭಾಳ ಸಣ್ಣ ದನಿಲೇ.

ಆಮ್ರಪಾಲಿ ಗಕ್ಕನ ತಿರುಗಿದಳು. "ಅಯ್ಯ! ಅಪ್ಪಾ, ನೀವೇನ್ರಿ? ತಪ್ಪಾತ್ರಿ, ನಾ ನಮ್ಮಪ್ಪ ಅಂತ..."

"ಇರಲಿ ಬಿಡವಾ, ಇರಲಿ. ತಡಾ ಮಾಡಿದ್ದು ಖರೆ."

ಸ್ವಲ್ಪ ಹೊತ್ತಿಗೆ ದುಂಡಪ್ಪ ಕೂಸಿನ್ನ ಹೆಗಲಿಗೆ ಹಾಕ್ಕೊಂಡು ಛಪ್ಪರಕ್ಕ ಬಂದ. ಕಣ್ಣು ಒದ್ದ್ಯಾಗಿದ್ದವು, ಬಾಯಿ ನಗತಿತ್ತು. "ಬೈದಳು ಬೀಗರ" ಅಂದ. "ಚೊಲೋತ್ನಾಗಿ ಬೈದಳು."

"ಮತ್ತೇನಂದೆ ನಾನು" ಅಂತ ಉದ್ದಪ್ಪನೂ ನಕ್ಕ. ನಕ್ಕು ಉಳಿ ಕೈಗೆ ತೊಗೊಂಡ. ಅಷ್ಟರಾಗ ಎದಿಯೊಳಗ ಅದ ಹಳೇ ಜಾಗಾದಾಗ ಮತ್ತ ಸಣ್ಣಗ ಚುಳ್ ಅಂತು. ಎಷ್ಟಂದರೂ ಅದು ಅವನ ಬೈಗಳ. ಅವಗಂತ ಬಂದದ್ದು, ಕೈಯಾರೆ ಎತ್ತಿ ಕೊಟ್ಟಿದ್ದ. ಬಟನ್ ಮ್ಯಾಲ ಬಟ್ಟಿಟ್ಟು, ತಡೀಲಾರದ, ದುಂಡಪ್ಪನ ಕಡೆ ತಿರುಗಿದ.

"ಬೆಲ್ಲದ ಕೈ ಅಂದಳಲ್ಲ ಬೀಗರ" ಅಂದ, "ಅದು ಮಾತ್ರ ನಿಮಗಲ್ಲ."

ಅಂದು ಮಶೀನ್ ಚಾಲೂ ಮಾಡಿದ.